ಬೆಕ್ಕಿಗೆ ನಿನ್ನ ಹೆಸರಿಟ್ಟ ತಪ್ಪಿಗೆ

ಗೋಡೆಯ ಆ ಕಡೆ ಇರುವ ರಂಗಮ್ಮನಿಗೆ, ಈ ಕಡೆಯಿಂದ ನಿನ್ನ ವಾರಗಿತ್ತಿ ದೇವೀರಮ್ಮ ಬರೆಯುವುದೇನೆಂದರೆ,

ಇಲ್ಲಿ ನಾನು ಕ್ಷೇಮ. ನೀನು ಕ್ಷೇಮವಾಗಿದ್ದೀಯ ಎಂಬುದನ್ನು ನೀನು ಬರೆದು ತಿಳಿಸಬೇಕಿಲ್ಲ. ಇವತ್ತು ಬೆಳಿಗ್ಗೆ ನೀನು ಹಾಕಿದ ಒಗ್ಗರಣೆಯ ಘಾಟು ಹಿತ್ತಲಿನ ಕಡೆಯಿಂದ ಬಂದು ನನಗೆ ನಾಲ್ಕು ಸೀನು ತರಿಸಿತು. ಸಿಟ್ಟು ಬಂದಾಗ ನೀನು ಒಣಮೆಣಸಿನಕಾಯಿ ಜಾಸ್ತಿ ಹಾಕುತ್ತೀಯ. ನಾಲ್ಕು ಸೀನು ಅಂದರೆ ಸಿಟ್ಟು ಒಂದಿಷ್ಟೂ ಇಳಿದಿಲ್ಲ ಅಂತ ಅರ್ಥ.

ಒಂಬತ್ತು ಇಂಚು ಗೋಡೆಯ ಆಚೆಗೆ ಪತ್ರ ಬರೆಯುವ ಹೆಂಗಸು ಇಡೀ ಹಗರೆ ಊರಿನಲ್ಲಿ ನಾನೊಬ್ಬಳೇ ಇರಬೇಕು. ಮೂವತ್ತೊಂದು ವರ್ಷ ಅಂಗನವಾಡಿಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು ನಾನು. ಆದರೆ ‘ತಪ್ಪಾಯಿತು’ ಎಂಬ ನಾಲ್ಕು ಅಕ್ಷರ ಬರೆಯಲು ಬೆಳಿಗ್ಗೆಯಿಂದ ಮೂರು ಹಾಳೆ ಹರಿದೆ. ಈಗ ಬರೆದಾಯಿತು, ನೋಡಿಕೊ. ಇನ್ನು ಮುಂದಿನದೆಲ್ಲ ಸುಲಭ.

ಈ ಪತ್ರ ನಿನ್ನ ಕೈಗೆ ಕೊಟ್ಟು ಮುಂದೆ ನಿಂತಿರುವ ಹುಡುಗಿ ಅರುಣಾ ಮೇರಿ. ನಮ್ಮ ಮನೆ ರಿಪೇರಿಗೆ ಬಂದ ಚರ್ಚಿನ ಹುಡುಗರ ಮುಖಂಡಳು, ಹಾಸನದಲ್ಲಿ ಕಾಲೇಜು ಓದುತ್ತಾಳೆ. ನೀನು ಅಕ್ಷರ ಕೂಡಿಸಿಕೊಂಡು ಕೂಡಿಸಿಕೊಂಡು ಓದುವವಳು, ಕಷ್ಟವಾದ ಕಡೆ ಅವಳನ್ನು ಕೇಳು. ಬೆಕ್ಕಿನ ವಿಷಯ ಬರುವ ಕಡೆ ಮಾತ್ರ ನೀನೇ ಓದಿಕೊ. ಅವಳಿಗೆ ಕೊಟ್ಟರೆ ಅವಳು ನಗು ತಡೆಯಲಾರಳು, ನೀನು ಅವಳ ಮೇಲೆ ಎಗರುತ್ತೀಯ. ಪಾಪ, ಅವಳದು ಏನೂ ತಪ್ಪಿಲ್ಲ. ತಪ್ಪೆಲ್ಲ ನನ್ನ ಈ ಬಾಯಿಯದು.

ಹೋದ ಮಳೆಗಾಲದಲ್ಲಿ ನನ್ನ ಅಡುಗೆಮನೆಯ ಮೂಲೆ ಕುಸಿದದ್ದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಒಲೆಯ ಪಕ್ಕ ಕೂತು ತೂಕಡಿಸುತ್ತಿದ್ದೆ. ‘ಅಕ್ಕಾ, ಮೇಲ್ಗಡೆ ಏನೋ ಲಟಕ್ ಅಂತು, ಈಚೆಗ್ ಬಾರೇ’ ಅಂತ ನಮ್ಮ ನಡುಗೋಡೆಯ ಕಿಂಡಿಯಿಂದ ಕೂಗಿದವಳು ನೀನು. ನಾನು ಎದ್ದು ಎರಡು ಹೆಜ್ಜೆ ಇಟ್ಟೆ, ತೊಲೆ ಮುರಿದು ಹೆಂಚೆಲ್ಲ ನಾನು ಕೂತಿದ್ದ ಮಣೆಯ ಮೇಲೆ ಬಿತ್ತು. ಹಾಗೆ ನೋಡಿದರೆ ನಾನು ಇವತ್ತು ಬದುಕಿ ಕೂತು ಪತ್ರ ಬರೆಯುತ್ತಿರುವುದೇ ಆ ಕಿಂಡಿಯ ದೆಸೆಯಿಂದ. ಅಂಥ ಕಿಂಡಿಯನ್ನು ನಾನೇ ಮುಂದೆ ನಿಂತು ಮುಚ್ಚಿಸಿದೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ.

ಕುಸಿದ ಮೂಲೆಗೆ ಟಾರ್ಪಾಲು ಹೊದಿಸಿಕೊಂಡು ಏಳು ತಿಂಗಳು ಕಳೆದೆ. ಆಮೇಲೆ ಆಶಾ ಕಾರ್ಯಕರ್ತೆ ನನ್ನ ಹೆಸರನ್ನು ಬೇಲೂರು ಕಡೆಯ ಒಂದು ಚರ್ಚಿನ ಯುವಕರ ಸಂಘಕ್ಕೆ ಕೊಟ್ಟಳಂತೆ. ಅವರು ಪ್ರತಿ ವರ್ಷ ರಜೆಯಲ್ಲಿ ಕಷ್ಟದಲ್ಲಿರುವವರ ನಾಲ್ಕು ಮನೆ ಆರಿಸಿ, ಸಾಮಾನು ತಂದು, ತಾವೇ ಕೈಯಾರೆ ರಿಪೇರಿ ಮಾಡುತ್ತಾರೆ. ಯಾವ ಜಾತಿ, ಯಾವ ದೇವರು ಅಂತ ಕೇಳುವುದಿಲ್ಲ. ಈ ಸೋಮವಾರ ಬೆಳಿಗ್ಗೆ ಗೂಡ್ಸ್ ಆಟೋದಿಂದ ಒಂಬತ್ತು ಹುಡುಗ ಹುಡುಗಿಯರು ಇಳಿದರು. ಎಲ್ಲರದೂ ಒಂದೇ ಬಣ್ಣದ ಟೀ ಶರ್ಟು. ಯಾವುದೋ ಪಾರ್ಟಿಯವರು ಅಂದುಕೊಂಡು ನಾನು ‘ಎಲೆಕ್ಷನ್ ಮುಗೀತಲ್ರಪ್ಪಾ, ಈಗ್ಯಾಕ್ ಬಂದ್ರಿ’ ಅಂದೆ. ನೀನು ಆ ಕಡೆ ಕಿಸಕ್ಕನೆ ನಕ್ಕಿದ್ದು ನನಗೆ ಕೇಳಿಸಿತು.

ಕೆಲಸ ಶುರು ಮಾಡುವ ಮೊದಲು ಅವರು ಸುತ್ತ ನಿಂತು ಪ್ರಾರ್ಥನೆ ಮಾಡಿದರು. ನನ್ನ ಮನೆಗಾಗಿ, ನನ್ನ ಮಂಡಿನೋವಿಗಾಗಿ, ಮರಳು ಕೊಟ್ಟ ಪುಣ್ಯಾತ್ಮನಿಗಾಗಿ. ನಾನೂ ಕೈ ಮುಗಿದೆ. ಕಣ್ಣು ಮಾತ್ರ ಒಂದನ್ನೇ ಮುಚ್ಚಿದ್ದೆ, ಯಾಕೆಂದರೆ ನನ್ನ ಕೋಳಿ ಅವರ ತಿಂಡಿಯ ಚೀಲಕ್ಕೆ ಬಾಯಿ ಹಾಕುತ್ತಿತ್ತು. ಆಮೇಲೆ ನನ್ನನ್ನು ಒಂದು ಕುರ್ಚಿಯ ಮೇಲೆ ಕೂರಿಸಿ ‘ಅಜ್ಜಿ, ನೀವು ರೆಸ್ಟ್ ಮಾಡಿ, ಏನೂ ಮುಟ್ಬೇಡಿ’ ಅಂದರು. ಒಂಬತ್ತು ಜನ ನನ್ನ ಮನೆಯನ್ನು ತಲೆಕೆಳಗು ಮಾಡುತ್ತಿರುವಾಗ ನಾನು ರೆಸ್ಟ್ ಮಾಡಬೇಕಂತೆ!

ಅವರಲ್ಲಿ ಜೀವರತ್ನ ಅಂತ ಒಬ್ಬ ಇದ್ದಾನೆ, ಸಿವಿಲ್ ಡಿಪ್ಲೊಮಾ ಓದುವವನು. ಎಲ್ಲಿ ಬಿರುಕು ಕಂಡರೂ ಅವನಿಗೆ ಕೈ ತುರಿಕೆ. ಒಂಬತ್ತು ಹೆಂಚು ಬದಲಾಯಿಸಲು ಹತ್ತಿ ಹದಿನಾಲ್ಕು ಹೆಂಚು ತುಳಿದು ಒಡೆದ, ಆಮೇಲೆ ಅವುಗಳನ್ನೂ ತಾನೇ ತಂದು ಹೊದಿಸಿದ. ಬಾಗಿಲಿಗೆ ಚರ್ಚಿಗೆ ಬಳಿದು ಉಳಿದಿದ್ದ ನೀಲಿ ಬಣ್ಣ ಹೊಡೆದರು. ಈಗ ಬಸ್ಸಿನಲ್ಲಿ ಹೋಗುವವರು ಕತ್ತು ಹೊರಳಿಸಿ ಗಂಟೆ ಎಲ್ಲಿದೆ ಅಂತ ಹುಡುಕುತ್ತಾರೆ. ಊಟದ ಹೊತ್ತಿಗೆ ನಾನು ಸುಮ್ಮನಿರಲಾರದೆ ಒಂಬತ್ತು ಜನರನ್ನೂ ಸಾಲಾಗಿ ನಿಲ್ಲಿಸಿ ಸೋಪು ಹಾಕಿಸಿ ಕೈ ತೊಳೆಸಿದೆ. ಅಂಗೈ ತಿರುಗಿಸಿ ನೋಡಿದರೆ ಎಲ್ಲರ ಕೈಯಲ್ಲೂ ಬೊಬ್ಬೆ. ಕಾಸು ಕೇಳದೆ, ಗುರುತು ಪರಿಚಯವಿಲ್ಲದ ಮುದುಕಿಗಾಗಿ ಈ ಮಕ್ಕಳು ಕೈ ಹರಿದುಕೊಂಡಿದ್ದು ನೋಡಿ ನನ್ನ ಕಣ್ಣು ತುಂಬಿ ಬಂತು, ರಂಗಮ್ಮ.

ಇಷ್ಟೆಲ್ಲ ಚೆನ್ನಾಗಿ ನಡೆಯುತ್ತಿರುವಾಗಲೇ ಪಂಚಾಯಿತಿಯ ಮಾಜಿ ಮೆಂಬರ್ ತಮ್ಮಯ್ಯ ಕೈ ಹಿಂದೆ ಕಟ್ಟಿಕೊಂಡು ಮೇಲ್ವಿಚಾರಣೆಗೆ ಬಂದ. ಅವನನ್ನು ಯಾರೂ ಕರೆದಿರಲಿಲ್ಲ.

ತಮ್ಮಯ್ಯ ಅಂದ ಮೇಲೆ ಆ ಪಾಲಿನ ದಿನ ನಿನಗೂ ನೆನಪಾಗಿರುತ್ತದೆ. ಹನ್ನೊಂದು ವರ್ಷದ ಹಿಂದೆ ನಮ್ಮ ಗಂಡಂದಿರು ಮನೆ ಪಾಲು ಮಾಡಿಕೊಂಡಾಗ ಹೊಲ, ತೆಂಗು, ದನ ಎಲ್ಲ ಸಲೀಸಾಗಿ ಹಂಚಿಹೋಯಿತು. ನಿಂತದ್ದು ಒರಳುಕಲ್ಲಿನ ಹತ್ತಿರ. ಅದು ನಿನ್ನ ತವರಿನಿಂದ ಬಂದದ್ದು ಅಂತ ನೀನು, ಅತ್ತೆ ನನ್ನ ಕೈಗೆ ಕೊಟ್ಟದ್ದು ಅಂತ ನಾನು. ಆಗ ಇದೇ ತಮ್ಮಯ್ಯ ಮೀಸೆ ತಿರುವಿ ತೀರ್ಪು ಕೊಟ್ಟ. ಒರಳು ನೆಲದಲ್ಲಿ ಹೂತಿದೆ, ಅದು ದೇವೀರಮ್ಮನಿಗೆ. ರುಬ್ಬುವ ಗುಂಡು ಎತ್ತಿಕೊಂಡು ಹೋಗಬಹುದು, ಅದು ರಂಗಮ್ಮನಿಗೆ. ಅವತ್ತಿನಿಂದ ಇವತ್ತಿನವರೆಗೆ ಒರಳಿನಲ್ಲಿ ನನ್ನ ಕೋಳಿ ನೀರು ಕುಡಿಯುತ್ತಿದೆ, ನಿನ್ನ ಗುಂಡು ಕೊಟ್ಟಿಗೆಯ ಬಾಗಿಲಿಗೆ ಒತ್ತು ಕೊಟ್ಟುಕೊಂಡು ಕೂತಿದೆ. ಇಬ್ಬರ ಮನೆಯಲ್ಲೂ ಚಟ್ನಿ ರುಬ್ಬುವುದು ಮಿಕ್ಸಿಯಲ್ಲಿ.

ಅವತ್ತು ಊರಿನವರ ಮುಂದೆ ನೀನು ಅಂದೆ: ‘ಇನ್ಮೇಲೆ ನಿನ್ನ ಹೊಸ್ತಿಲು ತುಳಿದ್ರೆ ಕೇಳು, ನಿನ್ನ ಮುಖ ನೋಡಿ ಮಾತಾಡಿದ್ರೆ ಕೇಳು, ನಮ್ಮಪ್ಪನ ಆಣೆ.’ ನಾನೇನು ಬಿಡುತ್ತೇನೆಯೇ? ‘ನಂದೂ ಅದೇ ಆಣೆ’ ಅಂದೆ. ಎರಡೇ ದಿನದಲ್ಲಿ ಅಡುಗೆಮನೆಯ ನಡುವೆ ಗೋಡೆ ಎದ್ದಿತು. ಆಗ ಕರೆಂಟಿನ ಮೀಟರು ಒಂದೇ, ಬಲ್ಬು ಒಂದೇ. ಗಾರೆಯವನು ಬುದ್ಧಿವಂತ. ಎರಡೂ ಕಡೆಗೆ ಬೆಳಕು ಬೀಳಲಿ ಅಂತ ಸೊಂಟದೆತ್ತರಕ್ಕೆ ಎರಡು ಇಟ್ಟಿಗೆಯಷ್ಟು ಜಾಗ ಬಿಟ್ಟು, ಅದರೊಳಗೆ ಬಲ್ಬು ಇಟ್ಟ. ಆಮೇಲೆ ಎರಡು ಮೀಟರು ಬಂತು, ಬಲ್ಬು ಹೋಯಿತು, ಕಿಂಡಿ ಉಳಿಯಿತು.

ಮೊದಲ ಸಲ ನನಗೆ ಚಳಿಜ್ವರ ಬಂದು ಒಲೆ ಹಚ್ಚದೆ ಮಲಗಿದ್ದ ಮಧ್ಯಾಹ್ನ ಆ ಕಿಂಡಿಯಿಂದ ಒಂದು ಕೈ ಬಂತು. ಕೈಯಲ್ಲಿ ಗಂಜಿ. ‘ಉಪ್ಪು ಸರಿಯಾಗೈತಾ ನೋಡು’ ಅಂತ ಗೋಡೆ ಮಾತಾಡಿತು. ನಾನು ‘ಒಂಚೂರು ಕಮ್ಮಿ’ ಅಂದೆ. ಆಣೆ ಮುರಿಯಲಿಲ್ಲ, ನೋಡು. ಮುಖ ನೋಡಿ ಮಾತಾಡುವುದಿಲ್ಲ ಅಂತ ಆಣೆ ಹಾಕಿದ್ದೆವೇ ಹೊರತು ಕೈ ನೋಡಿ ಮಾತಾಡುವುದಿಲ್ಲ ಅಂತ ಯಾರೂ ಆಣೆ ಹಾಕಿರಲಿಲ್ಲ. ಆಮೇಲೆ ನಾನು ಈ ಕಡೆ ಕ್ಯಾಲೆಂಡರ್ ತೂಗುಹಾಕಿದೆ, ನೀನು ಆ ಕಡೆ ಹಿಟ್ಟಿನ ಡಬ್ಬ ಇಟ್ಟೆ. ಸೌಟಿನಿಂದ ಮೂರು ಸಲ ತಟ್ಟಿದರೆ ಬಾ ಅಂತ. ಊರಿಗೆಲ್ಲ ನಾವು ಹಾವು ಮುಂಗುಸಿ. ಬಸ್ ಸ್ಟಾಪಿನಲ್ಲಿ ನಾನು ಬೇಲೂರಿನ ಕಡೆ ಮುಖ ಮಾಡಿದರೆ ನೀನು ಹಾಸನದ ಕಡೆ. ಮನೆಗೆ ಬಂದ ಮೇಲೆ ಬಸ್ಸಿನಲ್ಲಿ ಯಾರು ಯಾವ ಸೀರೆ ಉಟ್ಟಿದ್ದರು ಅಂತ ಕಿಂಡಿಯಲ್ಲಿ ಒಂದು ಗಂಟೆ ಮಾತು.

ಹನ್ನೊಂದು ವರ್ಷ ನಾನು ನಿನ್ನ ಮುಖ ಸರಿಯಾಗಿ ನೋಡಿಲ್ಲ, ರಂಗಮ್ಮ. ಆದರೆ ನಿನ್ನ ಕೈ ನನಗೆ ಬಾಯಿಪಾಠ. ಹೆಬ್ಬೆರಳಿನ ಬುಡದ ಸುಟ್ಟ ಕಲೆ, ಕುಡುಗೋಲು ತಾಗಿ ಸೊಟ್ಟಗಾದ ಉಗುರು. ನಿನ್ನ ಗಂಡ ಚನ್ನಪ್ಪ ಹೋದ ಮೂರನೇ ದಿನ ಆ ಕೈ ಬಂತು, ಬಳೆ ಇರಲಿಲ್ಲ. ಕೈಯಲ್ಲಿ ಏನೂ ಇರಲಿಲ್ಲ. ಬರೀ ಕೈ. ನಾನು ಹಿಡಿದುಕೊಂಡೆ. ಮಾರನೇ ವರ್ಷ ನಮ್ಮನೆಯವರು ಹೋದಾಗ ನಾನು ಕೈ ಚಾಚಿದೆ, ನೀನು ಬಿಡಲೇ ಇಲ್ಲ. ಗೋಡೆ ಕಟ್ಟಿಸಿದ ಅಣ್ಣ ತಮ್ಮ ಇಬ್ಬರೂ ಹೋದರು, ನಾವು ಗೋಡೆಯ ಆಚೆ ಈಚೆ ಉಳಿದೆವು.

ಈಗ ಬೆಕ್ಕಿನ ವಿಷಯ. ನೀನೇ ಓದಿಕೊ.

ತಮ್ಮಯ್ಯ ಮೇಲ್ವಿಚಾರಣೆಗೆ ಬಂದ ಹೊತ್ತಿನಲ್ಲಿ ನಾನು ಅಂಗಳದಲ್ಲಿ ಒಡೆದ ಹೆಂಚು ಎಣಿಸುತ್ತಾ ಬೈಯುತ್ತಿದ್ದೆ. ಒಳಗೆ ಸುಣ್ಣ ಹೊಡೆಯಲು ಜೀವರತ್ನ ಕ್ಯಾಲೆಂಡರ್ ತೆಗೆದುಬಿಟ್ಟ. ‘ಅಕ್ಕಾ, ಇಲ್ಲೊಂದು ದೊಡ್ಡ ತೂತು ಐತೆ! ಒಳಗೆ ಬಸ್ಸಾರು ಐತೆ!’ ಅಂತ ಅರುಣಾಳನ್ನು ಕೂಗಿದ. ನಾನು ಓಡಿ ಬರುವಷ್ಟರಲ್ಲಿ ಎಲ್ಲರೂ ಗೋಡೆಯ ಮುಂದೆ ಸೇರಿದ್ದರು, ತಮ್ಮಯ್ಯನೂ ಇದ್ದ. ನೀನು ನನಗೆಂದು ಇಟ್ಟಿದ್ದ ಸ್ಟೀಲಿನ ಬಟ್ಟಲು ಜೀವರತ್ನನ ಕೈಯಲ್ಲಿ ಹಬೆಯಾಡುತ್ತಿತ್ತು. ತಮ್ಮಯ್ಯ ಒಮ್ಮೆ ಕಿಂಡಿ ನೋಡಿದ, ಒಮ್ಮೆ ನನ್ನ ಮುಖ ನೋಡಿದ. ಹನ್ನೊಂದು ವರ್ಷದ ನಮ್ಮ ಬಿಗುಮಾನ ಬೀದಿಗೆ ಬೀಳುವುದರಲ್ಲಿತ್ತು. ನನ್ನ ಬಾಯಿಗೆ ಏನು ಬಂತೋ ಅದನ್ನೇ ಅಂದೆ: ‘ಬೆಕ್ಕಿಗೆ ಇಟ್ಟಿದ್ದು ಕಣಪ್ಪ.’

ಅಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ನಮ್ಮ ಜನಕ್ಕೆ ಪಾತ್ರೆ ಕೊಂಡ ಕೂಡಲೇ ಹೆಸರು ಕೆತ್ತಿಸುವ ಚಾಳಿ ಇದೆಯಲ್ಲ. ಆ ಹುಡುಗ ಬಟ್ಟಲು ತಿರುಗಿಸಿ ‘ಅಜ್ಜಿ, ಇದ್ರಲ್ಲಿ ರಂಗಮ್ಮ ಅಂತ ಕೆತ್ತೈತೆ’ ಅಂದ. ಇದೊಂದೇ ಸಲ ನಾನು ಸುಮ್ಮನಿರಬಹುದಿತ್ತು. ಸುಮ್ಮನಿರಲಿಲ್ಲ. ‘ಹೂಂ, ಬೆಕ್ಕಿನ ಹೆಸರು’ ಅಂದೆ. ತಮ್ಮಯ್ಯ ಹುಬ್ಬೇರಿಸಿ ‘ಬೆಕ್ಕಿಗೆ ರಂಗಮ್ಮ ಅಂತ ಹೆಸರೇನಮ್ಮಾ?’ ಅಂತ ಕೇಳಿದ. ‘ಕದ್ದು ತಿನ್ನುತ್ತಲ್ಲ, ಅದಕ್ಕೇ’ ಅಂದೆ. ಆ ಕಡೆ ನಿನ್ನ ಅಡುಗೆಮನೆಯಲ್ಲಿ ಏನೋ ದೊಡ್ಡ ಪಾತ್ರೆ ಬಿದ್ದ ಶಬ್ದವಾಯಿತು. ಬಿದ್ದದ್ದಲ್ಲ, ನೀನು ಎಸೆದದ್ದು, ನನಗೆ ಗೊತ್ತು.

ಆಮೇಲೆ ಜೀವರತ್ನ ‘ಈ ತೂತಿನಿಂದ ಇಲಿ ಹಾವು ಬರ್ತವೆ ಅಜ್ಜಿ, ಮುಚ್ಬಿಡ್ತೀವಿ’ ಅಂದ. ಅರುಣಾ ನನ್ನ ಕಡೆ ನೋಡಿ ‘ಮುಚ್ಚಲಾ ಅಜ್ಜಿ?’ ಅಂತ ಕೇಳಿದಳು. ಬೇಡ ಅನ್ನಲು ಬಾಯಿ ತೆರೆದೆ. ತಮ್ಮಯ್ಯ ಇನ್ನೂ ಅಲ್ಲೇ ನಿಂತು ನೋಡುತ್ತಿದ್ದ. ‘ಚೆನ್ನಾಗಿ ಮುಚ್ರಪ್ಪಾ, ಒಂದಿರುವೆನೂ ನುಸುಳಬಾರ್ದು’ ಅಂದುಬಿಟ್ಟೆ. ಇಟ್ಟಿಗೆ ಇಟ್ಟರು, ಗಾರೆ ಬಳಿದರು. ನೀನಾದರೂ ಆ ಕಡೆಯಿಂದ ‘ಮುಚ್ಬೇಡಿ’ ಅಂತ ಕೂಗಬಹುದಿತ್ತು. ಕೂಗಲಿಲ್ಲ. ಬಿಗುಮಾನದಲ್ಲಿ ನೀನೇನು ನನಗೆ ಕಮ್ಮಿಯೇ?

ಸಂಜೆಯವರೆಗೆ ಆ ಒಂಬತ್ತು ಮಕ್ಕಳೂ ನನ್ನ ಬೆಕ್ಕನ್ನು ‘ರಂಗಮ್ಮಾ, ಬಾ ಬಾ, ಪುಸ್ ಪುಸ್’ ಅಂತ ಕರೆದರು. ಒಬ್ಬಳು ‘ಅಯ್ಯೋ, ರಂಗಮ್ಮಂಗೆ ಎಷ್ಟು ದೊಡ್ಡ ಮೀಸೆ!’ ಅಂದಳು. ಇನ್ನೊಬ್ಬ ‘ರಂಗಮ್ಮ ಗುರ್ ಅಂತಾಳೆ, ಹುಷಾರು’ ಅಂದ. ನಿನ್ನ ಬಸ್ಸಾರನ್ನು ನನ್ನ ಕಣ್ಣೆದುರಿಗೇ ಬೆಕ್ಕಿಗೆ ಹಾಕಿದರು. ಅವರೆಕಾಳು, ಸಬ್ಬಸಿಗೆ ಸೊಪ್ಪು, ಹದವಾದ ಖಾರ! ನಾನು ಮುದ್ದೆ ಕಟ್ಟಿಟ್ಟುಕೊಂಡು ಅದಕ್ಕೇ ಕಾದಿದ್ದೆ. ಬೆಕ್ಕು ತಿಂದು ಮೀಸೆ ನೆಕ್ಕಿಕೊಂಡಿತು, ನಾನು ಬರೀ ಉಪ್ಪಿನಕಾಯಿ ನೆಂಚಿಕೊಂಡು ಮುದ್ದೆ ನುಂಗಿದೆ. ಶಿಕ್ಷೆ ಅವತ್ತಿನಿಂದಲೇ ಶುರುವಾಯಿತು ಅಂತ ತಿಳಿದುಕೊ.

ಮಾರನೇ ದಿನ ಬೆಳಿಗ್ಗೆ ಸೌಟಿನಿಂದ ಮೂರು ಸಲ ತಟ್ಟಿದೆ. ಉತ್ತರವಿಲ್ಲ. ಮಧ್ಯಾಹ್ನ ತಟ್ಟಿದೆ, ಸಂಜೆ ತಟ್ಟಿದೆ. ಮೂರನೇ ದಿನ ಸೌಟೇ ಸೊಟ್ಟಗಾಯಿತು. ಹಾಲು ಹಾಕಿ ಡೇರಿಯಿಂದ ಬರುವಾಗ ನೀನು ದಾರಿಯಲ್ಲಿ ಸಿಕ್ಕಿದೆ, ನಿಜವಾಗಿಯೂ ಮುಖ ತಿರುಗಿಸಿದೆ. ಹನ್ನೊಂದು ವರ್ಷ ನಾಟಕಕ್ಕೆ ಮುಖ ತಿರುಗಿಸುತ್ತಿದ್ದವಳು ನೀನು, ವ್ಯತ್ಯಾಸ ನನಗೆ ಗೊತ್ತಾಗುವುದಿಲ್ಲವೇ? ಮನೆ ಈಗ ಗಟ್ಟಿಯಾಗಿದೆ. ಸೂರು ಸೋರುವುದಿಲ್ಲ, ಗಾಳಿ ನುಗ್ಗುವುದಿಲ್ಲ. ಅಷ್ಟು ಗಟ್ಟಿ ಮನೆಯಲ್ಲಿ ನನಗೆ ಒಂದು ತುತ್ತೂ ರುಚಿಸುತ್ತಿಲ್ಲ ಕಣೇ. ಸಾರಿಗೆ ಉಪ್ಪು ಹಾಕಿ, ಸರಿಯಾಯಿತೇ ಅಂತ ಯಾರನ್ನು ಕೇಳಲಿ?

ಇವತ್ತು ಬೆಳಿಗ್ಗೆ ಅರುಣಾ ಇಲ್ಲೇ ಮರೆತು ಹೋಗಿದ್ದ, ಗೋಡೆಯ ಮಟ್ಟ ನೋಡುವ ಮಟ್ಟಗೋಲು ತೆಗೆದುಕೊಂಡು ಹೋಗಲು ಬಂದಳು. ಜೊತೆಗೆ ಒಂದು ಪೊಟ್ಟಣ ಬಿಸ್ಕತ್ತು ತಂದಿದ್ದಳು. ‘ನಿಮ್ ರಂಗಮ್ಮಂಗೆ ಅಜ್ಜಿ’ ಅಂತ ಅವಳು ಅಂದದ್ದೇ ತಡ, ನನಗೆ ಅಳು ಕಿತ್ತುಕೊಂಡು ಬಂತು. ಎಲ್ಲವನ್ನೂ ಹೇಳಿಬಿಟ್ಟೆ. ಆ ಹುಡುಗಿ ಮೊದಲು ತಲೆಯ ಮೇಲೆ ಕೈ ಹೊತ್ತುಕೊಂಡು ‘ಅಯ್ಯೋ ದೇವರೇ, ನಾವು ಸೇವೆ ಮಾಡೋಕ್ ಬಂದು ಇಂಥ ಕೆಲಸ ಮಾಡಿದ್ವಾ’ ಅಂದಳು. ಆಮೇಲೆ ಬೆಕ್ಕಿನ ನೆನಪಾಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ಹೋಗಿ ಅವರ ಬಾಗಿಲಲ್ಲಿ ನಿಂತು ತಪ್ಪಾಯ್ತು ಅಂದ್ರೆ ಮುಗೀತಲ್ಲ ಅಜ್ಜಿ’ ಅಂದಳು. ‘ಆಣೆ ಹಾಕಿದ್ದೀನಲ್ಲ ಮಗಳೇ’ ಅಂದೆ. ಅವಳು ಒಂದು ಗಳಿಗೆ ಯೋಚನೆ ಮಾಡಿ ‘ಪತ್ರ ಬರೆಯಲ್ಲ ಅಂತ ಆಣೆ ಹಾಕಿಲ್ವಲ್ಲ?’ ಅಂದಳು. ನೋಡು, ಎರಡೇ ದಿನ ನಮ್ಮ ಮನೆಯಲ್ಲಿ ಇದ್ದು ನಮ್ಮ ಬುದ್ಧಿ ಪೂರ್ತಿ ಕಲಿತುಬಿಟ್ಟಿದ್ದಾಳೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾಡಿದ್ದು ಭಾನುವಾರ ಹನ್ನೊಂದು ಗಂಟೆಗೆ ಒಂಬತ್ತು ಮಕ್ಕಳೂ ಅವರ ಫಾದರ್ ಜೊತೆ ರಿಪೇರಿಯಾದ ಮನೆ ನೋಡಲು ಬರುತ್ತಾರೆ. ಫೋಟೋ ಇದೆಯಂತೆ, ತಮ್ಮಯ್ಯ ಶಾಲು ಇಸ್ತ್ರಿ ಮಾಡಿಸಿಟ್ಟಿದ್ದಾನಂತೆ. ಅವರೆಲ್ಲರ ಮುಂದೆ ನಾನು ಹೇಳಬೇಕೆಂದಿದ್ದೇನೆ: ರಂಗಮ್ಮ ಅನ್ನೋದು ಬೆಕ್ಕಲ್ಲ ಕಣಯ್ಯ ತಮ್ಮಯ್ಯ, ನನ್ನ ವಾರಗಿತ್ತಿ. ಈ ಹನ್ನೊಂದು ವರ್ಷದಲ್ಲಿ ನಾವು ಮಾತಾಡದ ದಿನ ಅಂದ್ರೆ ಈ ನಾಲ್ಕೇ ದಿನ. ಆದರೆ ನಿನ್ನ ಒಪ್ಪಿಗೆ ಇಲ್ಲದೆ ಹೇಳುವುದಿಲ್ಲ. ಊರವರ ಮುಂದೆ ನಗೆಪಾಟಲಾಗುವುದು ಇಬ್ಬರೂ ಸೇರಿ ಆಗಬೇಕು.

ಕಿಂಡಿಯನ್ನು ಮತ್ತೆ ತೆಗೆಸುವ ಯೋಚನೆ ಬಿಟ್ಟಿದ್ದೇನೆ. ಸಿಟ್ಟಾಗಬೇಡ, ಪೂರ್ತಿ ಓದು. ಅರುಣಾ ಫೋನಿನಲ್ಲಿ ಜೀವರತ್ನನನ್ನು ಕೇಳಿದಳು. ಅದು ಬರೀ ಅಡ್ಡಗೋಡೆ, ಸೂರಿನ ಭಾರ ಹೊತ್ತಿಲ್ಲ, ಬೇಕಾದರೆ ಆಳೆತ್ತರ ಒಡೆದು ದಾರಿ ಮಾಡಬಹುದು ಅಂದನಂತೆ. ನಾನು ಒಂದೇ ಷರತ್ತು ಹಾಕಿದ್ದೇನೆ. ಆ ದಾರಿಗೆ ಹೊಸ್ತಿಲು ಇಡಕೂಡದು. ನಿನ್ನ ಹೊಸ್ತಿಲು ತುಳಿಯುವುದಿಲ್ಲ ಅಂತ ತಾನೇ ಆಣೆ ಹಾಕಿದ್ದು? ಹೊಸ್ತಿಲೇ ಇಲ್ಲದ ಕಡೆ ನೀನು ಹೇಗೆ ನಡೆದರೂ ನಿಮ್ಮಪ್ಪನ ಆಣೆಗೆ ಧಕ್ಕೆಯಿಲ್ಲ. ಇನ್ನು ಮುಖ ನೋಡುವ ವಿಷಯ. ನಿನಗೂ ಕಣ್ಣಿಗೆ ಪೊರೆ ಬಂದಿದೆ, ನನಗೂ ಬಂದಿದೆ. ಮುಖ ಎಲ್ಲಿ ಕಾಣುತ್ತದೆ? ಒಂದು ವೇಳೆ ಕಂಡರೆ ಕಾಣಲಿ ಬಿಡು, ರಂಗಮ್ಮ. ನಿನ್ನ ಮುಖ ನೋಡಬೇಕು ಅಂತ ನನಗೆ ಬಹಳ ಆಸೆಯಾಗಿದೆ.

ಅರುಣಾಳ ಕೈಯಲ್ಲಿ ನಿನ್ನ ಬಟ್ಟಲು ಕಳಿಸಿದ್ದೇನೆ. ಬಟ್ಟಲನ್ನು ಖಾಲಿ ಕಳಿಸಬಾರದು ಅಂತ ಎರಡು ಕಾಯಿ ಹೋಳಿಗೆ ಇಟ್ಟಿದ್ದೇನೆ. ಹೂರಣ ಮಿಕ್ಸಿಯಲ್ಲಿ ರುಬ್ಬಿದ್ದು, ತರಿತರಿಯಾಗಿದೆ, ಹೆಸರಿಡಬೇಡ. ನಾನು ಅಡುಗೆಮನೆಯಲ್ಲಿ ಗೋಡೆಗೆ ಕಿವಿಯಿಟ್ಟು ಕೂತಿರುತ್ತೇನೆ. ನಿನಗೆ ಒಪ್ಪಿಗೆಯಿದ್ದರೆ ಮೂರು ಸಲ ತಟ್ಟು. ಸೌಟಿನಲ್ಲಿ ತಟ್ಟಬೇಡ, ಆ ಮಕ್ಕಳು ಗಾರೆಯನ್ನು ಬಹಳ ದಪ್ಪ ಬಳಿದಿದ್ದಾರೆ, ಕೇಳಿಸುವುದಿಲ್ಲ. ಕೊಟ್ಟಿಗೆಯಿಂದ ಆ ಗುಂಡು ತಂದು ತಟ್ಟು. ಗೋಡೆ ಬಿದ್ದರೆ ಬೀಳಲಿ. ಒರಳು ತೊಳೆದು ಇಟ್ಟಿದ್ದೇನೆ.

ನಿನ್ನ ಹಸು ಕೊಡಪಾನದ ತುಂಬ ಹಾಲು ಕೊಡಲಿ, ನಿನ್ನ ಕೈ ತಣ್ಣಗಿರಲಿ, ಆ ಕೈಯ ಬಸ್ಸಾರು ಇನ್ನು ಮುಂದೆ ಬೆಕ್ಕಿನ ಪಾಲಾಗದೆ ನನ್ನ ಪಾಲಿಗೇ ಬರಲಿ ಎಂದು ಹಾರೈಸುವ,

ಗೋಡೆಯ ಈ ಕಡೆಯ ನಿನ್ನ ಅಕ್ಕ,
ದೇವೀರಮ್ಮ